ವಿಲ್ಯಾಸೋನ್‌ನಲ್ಲಿ ಒಂದಲ್ಲ, ಎರಡು ರಾತ್ರಿ ಉಳಿಯಿರಿ

ನೀವು ಕೇಳಿರುವುದು ಇಷ್ಟು. ಅರ್ಜೆಂಟೀನಾದ ಹುಹುಯ್ ಕಡೆಯಿಂದ ಬಸ್ಸಿನಲ್ಲಿ ಗಡಿಗೆ ಬರುತ್ತೀರಿ, ಸೇತುವೆ ದಾಟಿ ಬೊಲಿವಿಯಾಕ್ಕೆ ಹೋಗುತ್ತೀರಿ, ಅಲ್ಲಿಂದ ಉಯುನಿಯ ಉಪ್ಪಿನ ಬಯಲು. ಜೊತೆಗೆ 64 ವರ್ಷದ ಅಪ್ಪ ಇದ್ದಾರೆ. ಗಡಿಯ ಬೊಲಿವಿಯಾ ಬದಿಯ ವಿಲ್ಯಾಸೋನ್ ಊರಲ್ಲಿ ಕಮ್ಮಿ ಬಾಡಿಗೆಯ ಹೋಟೆಲ್‌ನಲ್ಲಿ ಒಂದು ರಾತ್ರಿ ಉಳಿಯಬಹುದಾ, ಇಲ್ಲ ಅದೇ ದಿನ ಮುಂದಕ್ಕೆ ಹೋಗಿಬಿಡಬೇಕಾ ಅಂತ.

ಉಳಿಯಿರಿ. ಸಾಧ್ಯವಾದರೆ ಎರಡು ರಾತ್ರಿ ಉಳಿಯಿರಿ. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ, ಬೇಗ ದಾಟಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ನಮಗೂ ಹಾಗೇ ಹೇಳಿದ್ದರು. 2023ರ ಜುಲೈನಲ್ಲಿ ನಾನು, ನನ್ನ ಗಂಡ ಅದೇ ದಾರಿಯಲ್ಲಿ ಹೋದೆವು. ಆ ಊರಲ್ಲಿ ಸರಿಯಾದ ಒಂದು ರೂಮು ಸಿಕ್ಕಿದ್ದರಿಂದಲೇ ನಮ್ಮ ಉಳಿದ ಪ್ರವಾಸ ನಡೆಯಿತು.

ಮೊದಲು ಎತ್ತರದ ವಿಷಯ. ಹುಹುಯ್ ನಗರ ಇರುವುದು ಸುಮಾರು 1,250 ಮೀಟರ್ ಎತ್ತರದಲ್ಲಿ. ಗಡಿಯ ಅರ್ಜೆಂಟೀನಾ ಬದಿಯ ಊರು ಲಾ ಕಿಯಾಕಾ 3,442 ಮೀಟರ್. ಬಸ್ಸಿನಲ್ಲಿ ಕೂತೇ ಐದಾರು ಗಂಟೆಯಲ್ಲಿ ಎರಡು ಸಾವಿರ ಮೀಟರ್‌ಗಿಂತ ಜಾಸ್ತಿ ಹತ್ತಿಬಿಡುತ್ತೀರಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಹತ್ತಿರ. ಅದರ ಮೇಲೆ ಇನ್ನೂ ಒಂದೂವರೆ ಸಾವಿರ ಮೀಟರ್ ಅಂದರೆ ಲೆಕ್ಕ ಹಾಕಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಉಯುನಿ ಇನ್ನೂ ಮೇಲೆ, 3,670 ಮೀಟರ್ ಹತ್ತಿರ. ಅಲ್ಲಿಂದ ಜೀಪಿನಲ್ಲಿ ಕರೆದೊಯ್ಯುವ ಬಿಸಿನೀರ ಬುಗ್ಗೆಗಳ ಜಾಗ 4,800 ಮೀಟರ್ ದಾಟುತ್ತದೆ. ಹಾಗಾಗಿ ಗಡಿಯಲ್ಲಿ ಕಳೆಯುವ ರಾತ್ರಿ ಬರೀ ಮಲಗುವ ರಾತ್ರಿಯಲ್ಲ, ಮೈಗೆ ಎತ್ತರ ಕಲಿಸುವ ರಾತ್ರಿ.

ನಾವು ಹೋದಾಗ ಹುಹುಯ್ ಪ್ರಾಂತ್ಯದಲ್ಲಿ ಸಂವಿಧಾನದ ತಿದ್ದುಪಡಿ ವಿರೋಧಿಸಿ ಮೂಲನಿವಾಸಿ ಸಮುದಾಯದವರು 9ನೇ ಹೆದ್ದಾರಿಯನ್ನು ಅಲ್ಲಲ್ಲಿ ತಡೆದಿದ್ದರು. ಬಸ್ಸು ಗಂಟೆಗಟ್ಟಲೆ ನಿಂತಿತು. ಸಂಜೆ ನಾಲ್ಕಕ್ಕೆ ತಲುಪಬೇಕಾದವರು ರಾತ್ರಿ ಒಂಬತ್ತೂವರೆಗೆ ಲಾ ಕಿಯಾಕಾದಲ್ಲಿ ಇಳಿದೆವು. ಚಳಿ ಅಂದರೆ ಮುಖಕ್ಕೆ ಹೊಡೆಯುವ ಚಳಿ. ಜುಲೈನಲ್ಲಿ ಅಲ್ಲಿ ಹಗಲು 15 ಡಿಗ್ರಿ ಇರುತ್ತದೆ, ರಾತ್ರಿ ಮೈನಸ್ 7, 8ಕ್ಕೆ ಇಳಿಯುತ್ತದೆ. ಆ ಹೊತ್ತಲ್ಲಿ ಸೇತುವೆ ದಾಟುವ ಧೈರ್ಯ ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಮೊದಲು ಕಂಡ ಹೋಟೆಲ್‌ಗೆ ಹೋದೆವು. ರೂಮಿನಲ್ಲಿ ಹೀಟರ್ ಇದೆ ಅಂದರು. ಇತ್ತು, ಆದರೆ ಹತ್ತಲಿಲ್ಲ. ಕಟ್ಟಡ ಹೊಸದು, ಟೈಲ್ಸ್ ಹೊಳೆಯುತ್ತಿತ್ತು, ದೊಡ್ಡ ಟಿವಿ ಇತ್ತು. ಹೊದೆಯಲು ಮಾತ್ರ ಒಂದೊಂದು ತೆಳು ಹೊದಿಕೆ. ಎಲ್ಲ ಬಟ್ಟೆ ಹಾಕಿಕೊಂಡು, ಟೋಪಿ ಸಮೇತ ಮಲಗಿದೆವು. ಬೆಳಗ್ಗೆ ನನ್ನ ಗಂಡನಿಗೆ ತಲೆ ಸಿಡಿಯುತ್ತಿತ್ತು, ವಾಂತಿಯೂ ಶುರುವಾಗಿತ್ತು. ಅಲ್ಲಿ ಇದಕ್ಕೆ ಸೊರೊಚೆ ಅನ್ನುತ್ತಾರೆ, ಎತ್ತರದ ಕಾಯಿಲೆ. ಚಳಿಯಲ್ಲಿ ನಿದ್ದೆಗೆಟ್ಟರೆ ಅದನ್ನು ತಾಳಿಕೊಳ್ಳುವುದು ಇನ್ನೂ ಕಷ್ಟ.

ಮಧ್ಯಾಹ್ನ ಹೊತ್ತಿಗೆ ನಿಧಾನವಾಗಿ ದಾಟಿದೆವು. ಎರಡು ಊರಿನ ಮಧ್ಯೆ ಇರುವುದು ಸಣ್ಣ ಹೊಳೆ, ಚಳಿಗಾಲದಲ್ಲಿ ನೀರು ಕಮ್ಮಿ. ಮೇಲೆ ಸೇತುವೆ. ಬೆನ್ನ ಮೇಲೆ ಆಳೆತ್ತರದ ಮೂಟೆ ಹೊತ್ತುಕೊಂಡು ಗಂಡಸರು, ಹೆಂಗಸರು ಓಡುವ ಹಾಗೆ ದಾಟುತ್ತಿರುತ್ತಾರೆ. ಸರಕು ದಾಟಿಸುವುದೇ ಅವರ ದಿನಗೂಲಿ. ನನಗೆ ಬರೀ ಕೈಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅವರನ್ನು ನೋಡುತ್ತಾ ಸುಮ್ನೆ ನಿಂತುಬಿಟ್ಟೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಊರಿನವರು ಆರಾಮಾಗಿ ಅತ್ತಿಂದಿತ್ತ ಓಡಾಡುತ್ತಾರೆ. ಅವರ ಹಿಂದೆ ನೀವೂ ನಡೆದುಬಿಡಬೇಡಿ. ಎರಡೂ ದೇಶದ ವಲಸೆ ಕೌಂಟರ್‌ನ ಕೆಲಸ ಮುಗಿಸಿಯೇ ಹೋಗಿ. ಬೊಲಿವಿಯಾದ ಹೋಟೆಲ್‌ನಲ್ಲಿ ಪಾಸ್‌ಪೋರ್ಟ್ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅರ್ಜೆಂಟೀನಾ ವೀಸಾ ಒಂದೇ ಪ್ರವೇಶದ್ದಾದರೆ, ಒಮ್ಮೆ ಹೊರಬಿದ್ದ ಮೇಲೆ ರೂಮು ಚೆನ್ನಾಗಿಲ್ಲ ಅಂತ ವಾಪಸ್ ಬರುವ ಹಾಗಿಲ್ಲ. ಯಾವ ಬದಿ ಮಲಗಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಯಾವ ಬದಿ ಅಗ್ಗ? ಇದಕ್ಕೆ ಖಾಯಂ ಉತ್ತರ ಇಲ್ಲ. ನಾವು ಹೋದ ವರ್ಷ ಅರ್ಜೆಂಟೀನಾದ ಪೆಸೊ ಕುಸಿಯುತ್ತಿತ್ತು, ಆ ವರ್ಷ ಹಣದುಬ್ಬರ 211 ಶೇಕಡ ಆಯಿತು. ಬೊಲಿವಿಯಾದ ಜನ ಚೀಲ ಹಿಡಿದು ಲಾ ಕಿಯಾಕಾಕ್ಕೆ ಸಾಮಾನು ತರಲು ಹೋಗುತ್ತಿದ್ದರು. ಒಂದೆರಡು ವರ್ಷದಲ್ಲಿ ಅದು ಪೂರ್ತಿ ತಿರುಗಿತು. ಅರ್ಜೆಂಟೀನಾದವರೇ ಸಾಲುಗಟ್ಟಿ ವಿಲ್ಯಾಸೋನ್‌ಗೆ ಬರತೊಡಗಿದರು. ಹೀಗಾಗಿ ಯಾರೋ ಹಳೇ ಬ್ಲಾಗಲ್ಲಿ ಬರೆದ ಬಾಡಿಗೆ ನಂಬಬೇಡಿ. ನಾವು ವಿಲ್ಯಾಸೋನ್‌ನಲ್ಲಿ ಇಬ್ಬರಿಗೆ 140 ಬೊಲಿವಿಯಾನೊ ಕೊಟ್ಟೆವು, ಆಗಿನ ಸರ್ಕಾರಿ ದರದಲ್ಲಿ ಸುಮಾರು 20 ಡಾಲರ್. ಡಾಲರ್ ಒಯ್ಯುವುದಾದರೆ ಹೊಸ ನೋಟು ಒಯ್ಯಿರಿ. ಒಂಚೂರು ಹರಿದಿದ್ದರೂ, ಪೆನ್ನಿನ ಗೀರು ಇದ್ದರೂ ಬೇಡ ಅನ್ನುತ್ತಾರೆ. ಸೇತುವೆಯಿಂದ ಮೇಲೆ ಹೋಗುವ ರೆಪೂಬ್ಲಿಕಾ ಅರ್ಜೆಂತೀನಾ ಬೀದಿಯಲ್ಲಿ ದುಡ್ಡು ಬದಲಿಸುವ ಅಂಗಡಿಗಳು ಸಾಲಾಗಿವೆ. ಎರಡು ಮೂರು ಕಡೆ ಕೇಳಿ.

ಈಗ ರೂಮಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ವಿಲ್ಯಾಸೋನ್‌ನಲ್ಲಿ ಬೋರ್ಡುಗಳ ಮೇಲೆ ಅಲೊಹಾಮಿಯೆಂತೊ, ರೆಸಿಡೆನ್ಸಿಯಾಲ್, ಒಸ್ತಾಲ್, ಹೀಗೆ ಬೇರೆ ಬೇರೆ ಹೆಸರು ಕಾಣುತ್ತೀರಿ. ಅಲೊಹಾಮಿಯೆಂತೊ ಅಂದರೆ ಸಾಮಾನ್ಯವಾಗಿ ತೀರಾ ಸಾದಾ, ಬಾತ್‌ರೂಮು ಹೊರಗೆ. ಒಸ್ತಾಲ್ ಅಂದರೆ ಒಂಚೂರು ಮೇಲೆ. ಆದರೆ ಹೆಸರು ನೋಡಿ ಆರಿಸಬೇಡಿ. ಮೊದಲು ರೂಮು ತೋರಿಸಿ ಅನ್ನಿ, ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಒಳಗೆ ಹೋದವರೇ ಗೋಡೆ ಮುಟ್ಟಿ ನೋಡಿ. ಹಳೇ ಮನೆಗಳಿಗೆ ಅಡೋಬೆ ಗೋಡೆ ಇರುತ್ತದೆ. ಅಂದರೆ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ, ನಮ್ಮ ಹಳ್ಳಿಯ ಮಣ್ಣಿನ ಗೋಡೆಯ ಹಾಗೆ ದಪ್ಪ. ಹಗಲಿಡೀ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಹೊಸ ತೆಳು ಇಟ್ಟಿಗೆಯ ಗೋಡೆ, ಮೇಲೆ ತಗಡಿನ ಸೂರು ಇರುವ ರೂಮು ಸೂರ್ಯ ಮುಳುಗಿದ ಒಂದು ಗಂಟೆಯಲ್ಲಿ ಫ್ರಿಜ್ ಆಗುತ್ತದೆ.

ಆಮೇಲೆ ಕಿಟಕಿ. ಆ ದೇಶ ಭೂಮಧ್ಯರೇಖೆಯ ಕೆಳಗಿದೆ. ನಮಗೆ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದರೆ ಅವರಿಗೆ ಉತ್ತರಕ್ಕೆ ವಾಲುತ್ತಾನೆ. ಆದ್ದರಿಂದ ಉತ್ತರಕ್ಕೆ ಕಿಟಕಿ ಇರುವ ರೂಮು ಕೇಳಿ. ನನಗೆ ಇದು ಗೊತ್ತಿರಲಿಲ್ಲ. ಹೇಳಿಕೊಟ್ಟದ್ದು ವಿಲ್ಯಾಸೋನ್‌ನ ಆ ಹೋಟೆಲ್ ನಡೆಸುತ್ತಿದ್ದ ಅಜ್ಜಿ. ಎರಡು ಜಡೆ, ನೆರಿಗೆಯ ದಪ್ಪ ಲಂಗ, ಮೇಲೊಂದು ಟೋಪಿ. ಮಕ್ಕಳ ಜೊತೆ ಕೆಚುವಾ ಭಾಷೆಯಲ್ಲಿ, ನಮ್ಮ ಜೊತೆ ನಿಧಾನವಾದ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಿದ್ದರು. ಬೀದಿ ಬದಿಯ ದೊಡ್ಡ ರೂಮು ಕೇಳಿದ್ದಕ್ಕೆ ಅವರು ಬೇಡ ಅಂದರು. ಒಳಗೆ ಕರೆದುಕೊಂಡು ಹೋದರು. ನಮ್ಮ ತೊಟ್ಟಿ ಮನೆಯ ಹಾಗೆ ನಡುವೆ ಅಂಗಳ, ಸುತ್ತ ರೂಮು. ಒಂದು ಮೂಲೆಯ ಚಿಕ್ಕ ರೂಮಿನ ಬಾಗಿಲು ತೆಗೆದರು. ಮಂಚದ ಮೇಲೆಲ್ಲಾ ಬಿಸಿಲು ಬಿದ್ದಿತ್ತು. ಅಂಗೈಯಲ್ಲಿ ಹಾಸಿಗೆ ತಟ್ಟಿ ತೋರಿಸಿ ‘ಸೋಲ್’ ಅಂದರು, ಸೂರ್ಯ ಅಂತ. ಅಷ್ಟೇ ಸಾಕಾಯಿತು ನನಗೆ.

ಹೊದಿಕೆ ಎಣಿಸಿ. ಹೀಟರ್ ಇದೆಯಾ ಅಂತ ಕೇಳುವುದಕ್ಕಿಂತ ಎಷ್ಟು ಕಂಬಳಿ ಕೊಡುತ್ತೀರಿ ಅಂತ ಕೇಳುವುದು ಒಳ್ಳೆಯದು. ಅಲ್ಲಿನ ಕಮ್ಮಿ ಬೆಲೆಯ ಹೋಟೆಲ್‌ಗಳಲ್ಲಿ ಹೀಟರ್ ಇರುವುದೇ ಅಪರೂಪ. ಕಂಬಳಿಗೆ ಫ್ರಸಾದಾ ಅನ್ನುತ್ತಾರೆ. ‘ಉನಾ ಫ್ರಸಾದಾ ಮಾಸ್, ಪೊರ್ ಫವೊರ್’, ಇನ್ನೊಂದು ಕಂಬಳಿ ದಯವಿಟ್ಟು, ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಒಬ್ಬರಿಗೆ ನಾಲ್ಕು ಬೇಕೇಬೇಕು. ಗ್ಯಾಸ್ ಹೀಟರ್ ಇರುವ ರೂಮು ಕೊಟ್ಟರೆ ಅದರ ಹೊಗೆ ಗೋಡೆಯಿಂದ ಹೊರಗೆ ಹೋಗುವ ಕೊಳವೆ ಇದೆಯಾ ನೋಡಿ. ಇಲ್ಲದಿದ್ದರೆ ಹಚ್ಚಿಕೊಂಡು ಮಲಗಲೇಬೇಡಿ. ಮುಚ್ಚಿದ ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ಎತ್ತರದ ತಲೆನೋವು, ಅದರ ತಲೆನೋವು ಎರಡೂ ಒಂದೇ ಥರ ಇರುವುದರಿಂದ ಮೋಸ ಹೋಗುವುದು ಸುಲಭ.

ಸ್ನಾನ ಮಧ್ಯಾಹ್ನ ಮಾಡಿ. ಬೆಳಗ್ಗೆ ಎದ್ದ ಕೂಡಲೇ ಸ್ನಾನ ಮಾಡುವ ಅಭ್ಯಾಸ ನಮ್ಮದು, ಅಪ್ಪನಿಗಂತೂ ಇದ್ದೇ ಇರುತ್ತದೆ ಅಲ್ವಾ? ಜುಲೈನ ಬೆಳಗ್ಗೆ ಪೈಪಲ್ಲಿ ನೀರೇ ಗಟ್ಟಿಯಾಗಿರುತ್ತದೆ. ಎರಡು ಗಂಟೆ ಹೊತ್ತಿಗೆ ಬಿಸಿಲು ಏರಿರುತ್ತದೆ, ತಲೆಯೂ ಬೇಗ ಒಣಗುತ್ತದೆ. ಗೀಸರ್ ಬದಲು ಶವರಿನ ತಲೆಯಲ್ಲೇ ಕರೆಂಟಿನ ಹೀಟರ್ ಕೂರಿಸಿರುತ್ತಾರೆ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು ತಣ್ಣಗೆ ಬರುತ್ತದೆ, ಸಣ್ಣಗೆ ಬಿಟ್ಟರೆ ಬಿಸಿ. ಒದ್ದೆ ಕೈಯಲ್ಲಿ ಆ ಶವರ್ ತಲೆಯನ್ನಾಗಲಿ, ವೈರನ್ನಾಗಲಿ ಮುಟ್ಟಬೇಡಿ. ವೈರಿಗೆ ಸುಮ್ನೆ ಟೇಪ್ ಸುತ್ತಿ ಬಿಟ್ಟಿದ್ದರೆ ಬೇರೆ ರೂಮು ಕೇಳಿ. ಅಪ್ಪನಿಗೆ ಇದನ್ನು ಮೊದಲೇ ತೋರಿಸಿಕೊಡಿ. ಬಕೆಟ್ ಬೇಕಿದ್ದರೆ ‘ಬಾಲ್ದೆ’ ಅಂತ ಕೇಳಿ, ಬಟ್ಟೆ ಒಗೆಯುವುದನ್ನು ಕೊಡುತ್ತಾರೆ. ಕಾಗದವನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ.

ಅಜ್ಜಿ ನನ್ನ ಗಂಡನ ಮುಖ ನೋಡಿದ ಕೂಡಲೇ ಕೋಕಾ ಎಲೆ ಹಾಕಿದ ಬಿಸಿನೀರು ತಂದುಕೊಟ್ಟರು, ಮಾತೆ ದೆ ಕೋಕಾ. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಬೊಲಿವಿಯಾದಲ್ಲಿ ಈ ಎಲೆ ಕಾನೂನಿಗೆ ಸರಿಯಾದದ್ದೇ. ಅರ್ಜೆಂಟೀನಾದಲ್ಲೂ ಅಗಿಯಲು, ಕಷಾಯಕ್ಕೆ ಇಟ್ಟುಕೊಂಡರೆ ಅಪರಾಧವಲ್ಲ. ಆದರೆ ಮರೆತೂ ಒಂದು ಎಲೆಯನ್ನೂ ಬ್ಯಾಗಲ್ಲಿ ಊರಿಗೆ ತರಬೇಡಿ. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಕೋಕಾ ಎಲೆಯೂ ಸೇರಿದೆ. ಕೆಲಸಕ್ಕೆ ಮೂತ್ರ ಪರೀಕ್ಷೆ ಮಾಡಿಸುವವರು ಕಷಾಯವನ್ನೂ ಕುಡಿಯದಿರುವುದು ವಾಸಿ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಕಷಾಯದಿಂದ ಕಾಯಿಲೆ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಎರಡು ದಿನದ ನಿದ್ದೆ, ಬಿಸಿ ರೂಮು, ನೀರು, ಇವೇ ಕೆಲಸ ಮಾಡಿದ್ದು.

ಊಟ ಸಸ್ಯಾಹಾರಿಗಳಿಗೆ ಕಷ್ಟ, ಆದರೆ ಆಗುತ್ತದೆ. ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಅಂತ, ಆದರೂ ಕೋಳಿ ಹಾಕಿ ಕೊಡುತ್ತಾರೆ. ಕಾರ್ನೆ ಅಂದರೆ ಅವರಿಗೆ ದನದ ಮಾಂಸವೇ ನೆನಪಾಗುವುದು. ‘ನಿ ಪೊಯ್ಯೊ’, ಕೋಳಿಯೂ ಬೇಡ, ಅಂತ ಸೇರಿಸಿ. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಆಪಿ ಸಿಗುತ್ತದೆ, ನೇರಳೆ ಮೆಕ್ಕೆಜೋಳದ ಬಿಸಿ ಗಂಜಿ, ದಾಲ್ಚಿನ್ನಿ ಹಾಕಿದ್ದು. ನಮ್ಮ ರಾಗಿ ಗಂಜಿ ಕುಡಿದವರಿಗೆ ತಕ್ಷಣ ಒಗ್ಗುತ್ತದೆ. ಅಪ್ಪನಿಗೆ ಖಂಡಿತ ಕುಡಿಸಿ. ಕೆಟಲ್ ಒಯ್ಯುವುದಾದರೆ ನೆನಪಿಡಿ, ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಅವಲಕ್ಕಿ ನೆನೆಯುತ್ತದೆ, ಅಕ್ಕಿ ಬೇಯಲು ಮಾತ್ರ ತುಂಬಾ ಹೊತ್ತು ಹಿಡಿಯುತ್ತದೆ.

ಇನ್ನೊಂದು, ಗಡಿಯಾರ. ಬೊಲಿವಿಯಾ ಅರ್ಜೆಂಟೀನಾಗಿಂತ ಒಂದು ಗಂಟೆ ಹಿಂದೆ. ವಿಲ್ಯಾಸೋನ್‌ನಲ್ಲಿ ಮಲಗಿದ್ದರೂ ಫೋನು ಹೊಳೆಯಾಚೆಯ ಟವರ್ ಹಿಡಿದು ಅರ್ಜೆಂಟೀನಾದ ಸಮಯ ತೋರಿಸಿಬಿಡುತ್ತದೆ. ನಮ್ಮ ಅಲಾರಾಂ ಒಂದು ಗಂಟೆ ಮೊದಲೇ ಹೊಡೆಯಿತು, ಕತ್ತಲಲ್ಲಿ ಬ್ಯಾಗು ಹೊತ್ತು ಅಂಗಳಕ್ಕೆ ಬಂದೆವು. ಅಜ್ಜಿ ಎದ್ದು ಬಂದು ಮತ್ತೆ ಒಳಗೆ ಕಳಿಸಿದರು. ಫೋನಿನಲ್ಲಿ ಸಮಯವನ್ನು ಕೈಯಿಂದ ಹಾಕಿ ಇಟ್ಟುಕೊಳ್ಳಿ.

ಎರಡನೇ ದಿನ ಆರಾಮಾದರೆ ಪ್ಲಾಸಾದಲ್ಲಿ, ಅಂದರೆ ಊರ ಚೌಕದಲ್ಲಿ, ಬಿಸಿಲು ಕಾಯಿಸುತ್ತಾ ಕೂರಿ. ಅರ್ಜೆಂಟೀನಾ ಬದಿಯಲ್ಲೇ ಮಲಗುವುದಾದರೆ 16 ಕಿಲೋಮೀಟರ್ ದೂರದ ಯಾವಿ ಅನ್ನುವ ಹಳ್ಳಿಗೆ ಹೋಗಿಬನ್ನಿ. ಅಲ್ಲಿನ ಹಳೇ ಚರ್ಚಿನ ಕಿಟಕಿಗೆ ಗಾಜಿಲ್ಲ, ತೆಳುವಾಗಿ ಕೊಯ್ದ ಕಲ್ಲಿನ ಹಲಗೆ. ಒಳಗೆಲ್ಲಾ ಜೇನಿನ ಬಣ್ಣದ ಬೆಳಕು. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಲಾ ಕಿಯಾಕಾದ ಮಂಕಾ ಫಿಯೆಸ್ತಾ, ಅಂದರೆ ಮಡಕೆ ಹಬ್ಬ, ಸಿಕ್ಕೀತು. ಸುತ್ತಲ ಹಳ್ಳಿಯವರು ಮಡಕೆ, ಉಣ್ಣೆ, ಆಲೂಗಡ್ಡೆ ತಂದು ಇವತ್ತಿಗೂ ವಿನಿಮಯ ಮಾಡಿಕೊಳ್ಳುತ್ತಾರೆ. ಆಗ ರೂಮು ಮೊದಲೇ ಹೇಳಿಡಬೇಕು.

ಕೊನೆಯದಾಗಿ ಅಪ್ಪನ ವಿಷಯ. ಬಿಪಿ, ಹೃದಯದ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಎತ್ತರದ ಲೆಕ್ಕ ಹೇಳಿ ಕೇಳಿ. ಹುಹುಯ್‌ನಿಂದ ನೇರ ಬರಬೇಡಿ, ದಾರಿಯಲ್ಲಿ 2,900 ಮೀಟರ್‌ನ ಉಮಾವಾಕಾದಲ್ಲಿ ಒಂದು ರಾತ್ರಿ ಮಲಗಿ. ವಿಲ್ಯಾಸೋನ್‌ನಲ್ಲಿ ತಲೆನೋವು ಜಾಸ್ತಿ ಆಗುತ್ತಾ ಹೋದರೆ, ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ತೋರಿಸಿ ಕೆಳಗಿಳಿಯಿರಿ. ಎಲ್ಲ ಸರಿ ಇದ್ದರೂ ಮುಂದಿನ ನಿಲುಗಡೆ ಉಯುನಿ ಬೇಡ, ತುಪಿಸಾ ಇರಲಿ. 90 ಕಿಲೋಮೀಟರ್ ಅಷ್ಟೇ, ಮತ್ತೆ 2,900 ಮೀಟರ್ ಆಸುಪಾಸಿಗೆ ಇಳಿಯುತ್ತೀರಿ. ಉಪ್ಪಿನ ಬಯಲಿಗೆ ಜೀಪು ಅಲ್ಲಿಂದಲೂ ಹೊರಡುತ್ತದೆ. ನಾವು ಹಾಗೇ ಮಾಡಿದೆವು. ಅಜ್ಜಿ ಬಸ್ಸಿಗೆಂದು ಕಟ್ಟಿಕೊಟ್ಟಿದ್ದ ರೊಟ್ಟಿ, ಚೀಸ್ ನನ್ನ ತೊಡೆಯ ಮೇಲಿತ್ತು. ಕೆಂಪು ಬಂಡೆಗಳ ನಡುವೆ ಬಸ್ಸು ಇಳಿಯುತ್ತಿದ್ದಾಗ ನನ್ನ ಗಂಡ ಕಣ್ಣುಬಿಟ್ಟು, ಹಸಿವಾಗ್ತಿದೆ ಅಂದರು. ಮೂರು ದಿನದಲ್ಲಿ ಅದೇ ಮೊದಲು.