ಹನಿ ಬೀಳದೆ ಖಾಲಿಯಾಗುವ ಬ್ರೇಕ್ ಆಯಿಲ್

ಪ್ರಶ್ನೆ: ನನ್ನದು 1999ರ ಮಾರುತಿ ಝೆನ್. ಎರಡು ತಿಂಗಳಿಂದ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದೆ. ಆದರೆ ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಇಲ್ಲ, ಚಕ್ರಗಳ ಬಳಿಯೂ ಒದ್ದೆ ಕಾಣುವುದಿಲ್ಲ. ಶಿವಮೊಗ್ಗದ ಸಿಗ್ನಲ್‌ಗಳಲ್ಲಿ ಬ್ರೇಕ್ ಒತ್ತಿ ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಮೆಕ್ಯಾನಿಕ್ ಆಯಿಲ್ ತುಂಬಿ ಏರ್ ತೆಗೆದುಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಹೊಸ ರಬ್ಬರ್ ಕಪ್, ಸೀಲ್‌ಗಳ ಕಿಟ್ ಹಾಕಿಸಿದರೆ ಸಾಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದುರಸ್ತಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬೇಡಿ, ಆಗುಂಬೆ ಘಾಟಿಯ ಮಾತಂತೂ ಬೇಡವೇ ಬೇಡ.

ನೀವು ಹೇಳಿರುವ ಎರಡು ಲಕ್ಷಣಗಳೂ ಪೆಡಲಿನ ಒತ್ತನ್ನು ಆಯಿಲ್ ಒತ್ತಡವಾಗಿಸಿ ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನತ್ತಲೇ ಬೆರಳು ತೋರುತ್ತವೆ. ಒಳಗಿನ ಮುಖ್ಯ ರಬ್ಬರ್ ಕಪ್ ಸವೆದಾಗ ಆಯಿಲ್ ಒತ್ತಡ ತಡೆಯದೆ ಹಿಂದಕ್ಕೆ ನುಸುಳುತ್ತದೆ. ಆಗ ಪೆಡಲ್ ಇಳಿಯುತ್ತದೆಯೇ ಹೊರತು ಸಿಲಿಂಡರಿಗೆ ಆಯಿಲ್ ಕೊಡುವ ಡಬ್ಬಿಯ ಮಟ್ಟ ಇಳಿಯುವುದಿಲ್ಲ. ಹಿಂತುದಿಯ ಸೀಲ್ ಕೂಡ ಹೋಗಿದ್ದರೆ ಆಯಿಲ್ ನೆಲಕ್ಕೆ ಬೀಳದೆ ಸಿಲಿಂಡರಿನ ಹಿಂದಿರುವ, ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನೊಳಗೆ ಸೇರುತ್ತದೆ, ಕೆಲವೊಮ್ಮೆ ವ್ಯಾಕ್ಯೂಮ್ ಪೈಪಿನ ಮೂಲಕ ಎಂಜಿನ್ನಿಗೂ ಎಳೆಯಲ್ಪಟ್ಟು ಬಿಳಿ ಹೊಗೆಯಾಗಿ ಹೋಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣ ಪೆಡಲ್ ತುಸು ಕುಸಿಯುವುದು ಮಾತ್ರ ದೋಷವಲ್ಲ, ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು.

ಹಾಗೆಂದು ಸಿಲಿಂಡರನ್ನು ಬಿಚ್ಚುವ ಮುನ್ನ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್‌ಗಳನ್ನು ತೆಗೆಸಿ ನೋಡಿ. ಅದರೊಳಗೆ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿದರೂ ಆಯಿಲ್ ಬಹಳ ದಿನ ಡ್ರಮ್ಮಿನ ಒಳಗೇ ಅಡಗಿರುತ್ತದೆ. ಅಲ್ಲಿ ಒಣಗಿದ್ದರೆ, ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ನಟ್‌ಗಳನ್ನು ಸಡಿಲಿಸಿ, ಪೈಪುಗಳು ಬಾಗದಷ್ಟು ಮಾತ್ರ ಮುಂದಕ್ಕೆ ಎಳೆದು, ನಡುವಿನ ಸಂದಿಗೆ ಬಿಳಿ ಬಟ್ಟೆ ಒತ್ತಿ ತೆಗೆಯಿರಿ. ಬಟ್ಟೆ ಒದ್ದೆಯಾದರೆ, ಅಥವಾ ಬೂಸ್ಟರಿನ ಮುಂಭಾಗದ ಬಣ್ಣ ಗುಳ್ಳೆಯೆದ್ದು ಸುಲಿದಿದ್ದರೆ, ಕಳ್ಳ ಸಿಕ್ಕಂತೆಯೇ.

ಇನ್ನು ಕಿಟ್ಟಿನ ಮಾತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಮಲೆನಾಡಿನ ಮಳೆಗಾಲಗಳನ್ನು ಕಂಡ ಹಳೆಯ ಸಿಲಿಂಡರಿನ ಒಳಗೋಡೆಯಲ್ಲಿ ಸಣ್ಣ ಕುಳಿಗಳಿರುವ ಸಂಭವ ಹೆಚ್ಚು. ಉಗುರಿಗೆ ತಾಕುವಷ್ಟು ಗೆರೆ ಅಥವಾ ಕುಳಿ ಇದ್ದರೆ ಹೊಸ ರಬ್ಬರನ್ನೂ ಅದು ಹರಿಯುತ್ತದೆ, ಎಮರಿ ಕಾಗದದಿಂದ ಉಜ್ಜಿ ಸರಿಪಡಿಸುತ್ತೇನೆಂದರೆ ಒಪ್ಪಬೇಡಿ. ಗೋಡೆ ಕನ್ನಡಿಯಂತಿದ್ದರೆ ಮಾತ್ರ ಕಿಟ್. ನನ್ನನ್ನು ಕೇಳಿದರೆ, ಈ ವಯಸ್ಸಿನ ಕಾರಿಗೆ ಸಿಲಿಂಡರನ್ನೇ ಬದಲಾಯಿಸುವುದು ಲೇಸು. ಕಿಟ್ ಹಾಕುವುದಾದರೆ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯದಂತೆ ನೋಡಿಕೊಳ್ಳಿ: ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಅದನ್ನೇ ಸವರಿ ಜೋಡಿಸಬೇಕು.

ಕೊನೆಗೆ ಬ್ಲೀಡಿಂಗ್, ಅಂದರೆ ಪೈಪುಗಳಲ್ಲಿನ ಏರ್ ತೆಗೆಯುವ ಕೆಲಸ. ಹಳೆಯ ಸಿಲಿಂಡರನ್ನೇ ಉಳಿಸಿಕೊಂಡಿದ್ದರೆ ಪೆಡಲನ್ನು ನೆಲದವರೆಗೆ ತುಳಿಯಬಾರದು. ದಿನನಿತ್ಯ ಕಪ್ ತಲುಪದ ಜಾಗದ ತುಕ್ಕು ಆಗಲೇ ರಬ್ಬರನ್ನು ಹರಿಯುವುದು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಆಯಿತು. ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯ ಆಯಿಲನ್ನೇ, ಸೀಲ್ ಒಡೆಯದ ಕ್ಯಾನಿನಿಂದ ಹಾಕಿಸಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ಎಂಜಿನ್ ಚಾಲೂ ಇಟ್ಟು ಒಂದು ನಿಮಿಷ ಪೆಡಲ್ ಒತ್ತಿ ಹಿಡಿದಾಗ ಅದು ಕದಲದೆ ನಿಂತರೆ, ಡಬ್ಬಿಯ ಮೇಲೆ ಮಟ್ಟದ ಗುರುತು ಹಾಕಿ ಎಂಟು ದಿನ ಬಿಟ್ಟು ಮತ್ತೆ ನೋಡಿ.