ಒಣಹುಲ್ಲಿನ ಸಪೂರ ಜೇಡ: ನಿಮ್ಮ ಪ್ರಶ್ನೆಗೆ

ಕಪ್ಪತಗುಡ್ಡದ ಹುಲ್ಲಲ್ಲಿ ಕಂಡ ಸಪೂರ ಜೇಡ ಯಾವುದು, ಬಲೆ ಯಾಕಿರಲಿಲ್ಲ ಅಂತ ಕೇಳಿದ್ದೀರಿ. ಮೈ ಒಣಹುಲ್ಲಿನ ಬಣ್ಣ, ಬೆನ್ನ ನಡುವೆ ಉದ್ದಕ್ಕೂ ಕಂದು ಗೆರೆ ಅಂದಿರಲ್ವಾ? ಹಾಗಾದ್ರೆ ಬಹುಶಃ ಟಿಬೆಲಸ್ ಕುಲದ್ದು. ಅದು ಸೇರೋದು ಫಿಲೋಡ್ರೊಮಿಡೇ ಕುಟುಂಬಕ್ಕೆ; ಈ ಕುಟುಂಬದ ಜೇಡಗಳನ್ನ ‘ಓಡಾಡುವ ಏಡಿ ಜೇಡಗಳು’ ಅಂತಾರೆ.

ಇವು ಬಲೆ ಕಟ್ಟಿ ಬೇಟೆಯಾಡೋದಿಲ್ಲ. ಎರಡು ಜೊತೆ ಕಾಲು ಮುಂದಕ್ಕೆ ಚಾಚಿ, ಕೊನೆಯ ಜೊತೆ ಹಿಂದಕ್ಕೆ ಎಳೆದು, ಹುಲ್ಲಿನ ಎಸಳಿಗೆ ಮೈ ಒತ್ತಿ ಮಲಗುತ್ತವೆ. ಕಣ್ಣೆದುರೇ ಇದ್ದರೂ ಕಾಣಲ್ಲ! ಸಣ್ಣ ಹುಳ ಹತ್ತಿರ ಬಂದ್ರೆ ಗಬಕ್ಕನೆ ಹಿಡಿಯುತ್ತವೆ. ಹೆಣ್ಣು ಹುಲ್ಲಿಗೆ ಮೊಟ್ಟೆಚೀಲ ಅಂಟಿಸಿ ಕಾವಲು ಕೂರುತ್ತದೆ.

ಮನುಷ್ಯರಿಗೆ ಅಪಾಯವಿಲ್ಲ, ಸುಮ್ನೆ ಔಷಧಿ ಹೊಡೀಬೇಡಿ. ಹುಲ್ಲಿಗೆ ಬೆಂಕಿ ಇಟ್ಟರಂತೂ ಇವುಗಳ ಮನೆಯೇ ಹೋಯ್ತು. ನಿಖರವಾಗಿ ಯಾವ ಪ್ರಭೇದ ಅಂತ ಹೇಳೋಕೆ ಫೋಟೋ ಸಾಲದು, ಸೂಕ್ಷ್ಮದರ್ಶಕ ಬೇಕು. ಆದರೂ ಬೆನ್ನಿನ ಫೋಟೋ ಇದ್ರೆ ಹಾಕಿ.