ನನ್ನ ಕಾದಂಬರಿಯ 14 ವರ್ಷದ ಅಂತರ್ಮುಖಿ ನಾಯಕನನ್ನು ಕೊನೆಗೆ ಮಾತುಗಾರನನ್ನಾಗಿ ಬದಲಾಯಿಸೋದು ಹೇಗೆ?

ಬದಲಾಯಿಸಬೇಡಿ. ನಾನು ಬದಲಾಯಿಸಿ ಕೆಟ್ಟಿದ್ದೇನೆ.

ನಿಮ್ಮ ಕಾದಂಬರಿಯ ಹುಡುಗನಿಗೆ 14 ವರ್ಷ, ನನ್ನ ಕಾದಂಬರಿಯವನಿಗೆ 13. ಹೆಸರು ಸುಬ್ಬ. ಮಲೆನಾಡಿನ ಹಳ್ಳಿ. ಶಾಲೆ ಬಿಟ್ಟ ಮೇಲೆ ಹಳ್ಳದ ಕಾಲುಸಂಕದ ಬುಡದಲ್ಲಿ ಹೋಗಿ ಕೂರುತ್ತಾನೆ. ಮೂರು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ ಅದು. ಯಾರ ಹತ್ತಿರವೂ ಮಾತಿಲ್ಲ. ಆದರೆ ಬೆನ್ನು ಹಾಕಿ ಕೂತಿದ್ದರೂ ದಾಟುತ್ತಿರೋದು ಯಾರು ಅಂತ ಸದ್ದಿನಲ್ಲೇ ಗೊತ್ತು. ಇದು ಡೇರಿಗೆ ಹಾಲು ಹಾಕೋಕೆ ಹೊರಟ ಅಜ್ಜಿ, ಇದು ಬಲಗಾಲು ಎಳೆಯುವ ಪೋಸ್ಟ್‌ಮ್ಯಾನ್. ಇದನ್ನೆಲ್ಲ ಬರೆಯುವಾಗ ಊಟಕ್ಕೆ ಕರೆದರೂ ನಾನು ಏಳುತ್ತಿರಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬಂದಾಗ ತಲೆ ಕೆಟ್ಟಿತು. ನಾಯಕ ಬೆಳೆಯಬೇಕಲ್ವಾ? ನವೆಂಬರ್ 1ಕ್ಕೆ ಸುಬ್ಬನನ್ನು ಶಾಲೆಯ ವೇದಿಕೆ ಹತ್ತಿಸಿಬಿಟ್ಟೆ. ಕೈಗೆ ಮೈಕು, ಒಂದೂವರೆ ಪುಟ ಭಾಷಣ, ಊರಿಗೆ ಊರೇ ಚಪ್ಪಾಳೆ. ಒಬ್ಬ ಪ್ರಕಾಶಕರಿಗೆ ಕಳಿಸಿದೆ, ವಾಪಸ್ ಬಂತು. ಅದೇನೂ ಅಷ್ಟು ಚುಚ್ಚಲಿಲ್ಲ. ನನ್ನ ಅಕ್ಕನ ಮಗಳು, ಅವಳೂ ಮಾತು ಕಮ್ಮಿ, ಓದಿ ಮುಗಿಸಿ ಕೇಳಿದಳು: "ಮಾಮ, ಸಂಕದ ಹತ್ತಿರ ಕೂರುತ್ತಿದ್ದ ಹುಡುಗ ಎಲ್ಲಿ ಹೋದ?"

ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಭಾಷಣ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಯಾವ ಹುಡುಗ ಬೇಕಾದರೂ ಮಾಡಬಹುದಿತ್ತು. ಹತ್ತು ಅಧ್ಯಾಯ ಕೂತು ಅವನ ಕಿವಿಯನ್ನು ತಯಾರು ಮಾಡಿದ್ದೆ. ಹನ್ನೊಂದನೆಯದರಲ್ಲಿ ಆ ಕಿವಿಗೆ ಕೆಲಸವನ್ನೇ ಕೊಡಲಿಲ್ಲ. ಜೊತೆಗೆ ನಾಚಿಕೆ, ಹೆದರಿಕೆ, ಅಂತರ್ಮುಖಿ ಸ್ವಭಾವ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಅಂತ ವಿಂಗಡಿಸಿದ್ದು ಮನಸ್ಸಿನ ಕಸುವು ಒಳಗೆ ಹರಿಯುತ್ತದೋ ಹೊರಗೋ ಅನ್ನೋದನ್ನು ನೋಡಿ. ಹೆದರಿಕೆ ಹೋಗಬಹುದು, ಹೋಗಲಿ. ನಾನು ಸ್ವಭಾವಕ್ಕೇ ಮದ್ದು ಅರೆಯೋಕೆ ಕೂತಿದ್ದೆ. ಯಾಕೆ ಗೊತ್ತಾ? ಏಳನೇ ಕ್ಲಾಸಿನಲ್ಲಿ ನನ್ನನ್ನೂ ಹಾಗೇ ವೇದಿಕೆಗೆ ನೂಕಿದ್ದರು. ಎರಡನೇ ಸಾಲಿಗೇ ಬಾಯಿ ಕಟ್ಟಿತ್ತು. ಆ ಹಳೇ ಬಾಕಿಯನ್ನು ಪಾಪ ಸುಬ್ಬನ ಕೈಯಲ್ಲಿ ತೀರಿಸಿದೆ.

ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯ (1936) ಹೂವಯ್ಯ ನಿಮ್ಮ ಹುಡುಗನಿಗಿಂತ ದೊಡ್ಡವನು, ಇರಲಿ. ಮೈಸೂರಲ್ಲಿ ಓದಿ ಬಂದವನು. ಪುಸ್ತಕ, ಕಾಡು, ತನ್ನದೇ ಯೋಚನೆ. ಮನೆ ಪಾಲಾಗಿ ಕೆಳಕಾನೂರಿಗೆ ಹೋದ ಮೇಲೂ ಅಬ್ಬರದ ಮನುಷ್ಯನಾಗಲಿಲ್ಲ. ಅವನು ಬೆಳೆಯಲಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಹಾಗಾಗಿ 'ಬದಲಾಯಿಸೋದು ಹೇಗೆ' ಅನ್ನೋ ಪ್ರಶ್ನೆಯನ್ನೇ ಬಿಡಿ. ನಿಮ್ಮ ಹುಡುಗನಿಗೆ ಮಾತ್ರ ಗೊತ್ತಿರೋದು ಏನು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಯ ಅಧ್ಯಾಯ ಅಲ್ಲಿಂದಲೇ ಬರಲಿ.

ನಾನು ವೇದಿಕೆಯನ್ನು ಹರಿದು ಹಾಕಿದೆ. ಈಗ ಒಂದು ಸಂಜೆ ಸಂಕದ ನಡುವಿನ ಮರದ ಸದ್ದು ಬದಲಾಗಿದೆ. ಟೊಣ್ ಅನ್ನುತ್ತಿದ್ದದ್ದು ಬೊದ್ ಅಂತಿದೆ. ಒಳಗೆ ಕೊಳೆತು ಲಡ್ಡಾಗಿದೆ ಅಂತ ಸುಬ್ಬನಿಗೆ ಮಾತ್ರ ಗೊತ್ತು. ಲಂಟಾನದ ಮುಳ್ಳು ಕಡಿದು ತಂದು ಸಂಕದ ಬಾಯಿಗೆ ಅಡ್ಡ ಹಾಕಿದ, ಪಕ್ಕದಲ್ಲೇ ಕೂತ. ಕತ್ತಲಾಗುವ ಹೊತ್ತಿಗೆ ಕೊಡೆ ಹಿಡಿದು ಬಂದ ಗೌಡರು "ಯಾವನೋ ಅವ್ನು, ತೆಗಿಯೋ" ಅಂತ ಗದರಿದರು. ಸುಬ್ಬ ಎದ್ದು ನಿಂತ. ಕಾಲು ನಡುಗುತ್ತಿತ್ತು.

"ಬೇಡ" ಅಂದ.

ಇಡೀ ಕಥೆಯಲ್ಲಿ ದೊಡ್ಡವರ ಎದುರು ಅವನಾಡಿದ್ದು ಅದೊಂದೇ ಮಾತು. ಅದನ್ನು ಬರೆಯೋಕೆ ನನಗೆ ಆರು ದಿನ ಹಿಡಿಯಿತು.

ಅಕ್ಕನ ಮಗಳಿಗೆ ಮತ್ತೆ ಕೊಟ್ಟೆ. ಚೆನ್ನಾಗಿದೆ ಅಂತ ಹೇಳಲಿಲ್ಲ. ಗೌಡರು ಆಮೇಲೆ ಮನೆಗೆ ಹೇಗೆ ಹೋದರು ಅಂತ ಕೇಳಿದಳು. ಸುತ್ತು ದಾರಿಯಲ್ಲಿ, ಬೈಯುತ್ತಾ, ಅಂದೆ.